ಗಾಲಿಯ ಒಂದು ಸುತ್ತಿಗೆ ನಾಲ್ಕು ಉಸಿರು

ರಾತ್ರಿ ಎರಡಕ್ಕೋ ಮೂರಕ್ಕೋ ಬಾಗಿಲು ಬಡಿದರೆ ಬೇರೆಯವರ ಮನೆಯಲ್ಲಿ ಎದೆ ಧಸಕ್ಕೆನ್ನುತ್ತದೆ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಿದ್ದೆವು. ಬಂದವನು ಕಾಲ್‌ಬಾಯ್ ಎಂದು ಎಲ್ಲರಿಗೂ ಗೊತ್ತು. ಹೆಸರಿಗಷ್ಟೇ ಬಾಯ್, ವಯಸ್ಸು ಐವತ್ತು ದಾಟಿತ್ತು. ಒಂದು ಕೈಯಲ್ಲಿ ಲಾಟೀನು, ಕಂಕುಳಲ್ಲಿ ರಿಜಿಸ್ಟರು. ಅಪ್ಪ ಅರೆನಿದ್ದೆಯಲ್ಲೇ ಅದರಲ್ಲಿ ಸಹಿ ಗೀಚಿದರೆ ಡ್ಯೂಟಿ ಒಪ್ಪಿಕೊಂಡ ಹಾಗೆ. ಅಮ್ಮ ಒಲೆ ಹಚ್ಚಿ ಕಾಫಿಗಿಟ್ಟು, ರಾತ್ರಿಯ ರಾಗಿರೊಟ್ಟಿಗೆ ಹುಚ್ಚೆಳ್ಳು ಚಟ್ನಿಪುಡಿ ಸವರಿ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ತಗಡಿನ ಪೆಟ್ಟಿಗೆ ಹೊತ್ತು ಅಪ್ಪ ಕತ್ತಲಲ್ಲಿ ಶೆಡ್ಡಿನ ಕಡೆ ನಡೆದರೆ, ಮತ್ತೆ ಮುಖ ಕಾಣುವುದು ನಾಳೆಯೋ ನಾಡಿದ್ದೋ.

ಅಪ್ಪ ಫೈರ್‌ಮನ್. ಮೀಟರ್ ಗೇಜಿನ ವೈಪಿ ಇಂಜಿನ್ನುಗಳ ಬಾಯಿಗೆ ಕಲ್ಲಿದ್ದಲು ಉಣ್ಣಿಸುವುದು ಅವನ ಕೆಲಸ. ‘ಉಣ್ಣಿಸುವುದು’ ಅವನದೇ ಮಾತು. ಅಮ್ಮ ಒಲೆಗೆ ಸೌದೆ ತುರುಕಿ ಮನೆಯೆಲ್ಲ ಹೊಗೆ ಮಾಡಿದಾಗ ಬೈಯುತ್ತಿದ್ದ: “ಬೆಂಕಿಗೆ ಉಣ್ಣಿಸ್ಬೇಕು ಕಣೇ, ತುರುಕಬಾರ್ದು. ಸ್ವಲ್ಪ ಸ್ವಲ್ಪ, ಆದ್ರೆ ಬಿಡದ ಹಾಗೆ.” ಅಮ್ಮ, “ಹಂಗಾದ್ರೆ ನೀವೇ ಬಂದು ಉಣ್ಸಿ, ನಾನು ಹೋಗಿ ನಿಮ್ ರೈಲು ಓಡಿಸ್ತೀನಿ” ಅನ್ನುತ್ತಿದ್ದಳು.

ಮಕ್ಕಳಾದ ನಮಗೆ ಅರಸೀಕೆರೆ ಅಂದರೆ ಹೊಗೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಗೆ ಮೈಸೂರು, ಹಾಸನದ ಕಡೆಯಿಂದ ಬರುವ ದಾರಿ ಸೇರುವ ಜಂಕ್ಷನ್ ಅದು. ತೆಂಗಿನ ತೋಟಗಳ ಮೇಲೆ, ಕೊಬ್ಬರಿ ಮಂಡಿಗಳ ಮೇಲೆ, ಒಣಗಲು ಹಾಕಿದ ಬಿಳಿ ಪಂಚೆಗಳ ಮೇಲೆ ಮಸಿ ಕೂರುತ್ತಿತ್ತು. ಶೆಡ್ಡಿನ ಹೊರಗೆ ಇಂಜಿನ್ನಿನ ಬೂದಿ ಎಳೆದು ಹಾಕುವ ಗುಂಡಿ ಇತ್ತು. ಅದರಲ್ಲಿ ಅರೆಬೆಂದ ಇದ್ದಲು ಆರಿಸಲು ಪಕ್ಕದ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಿದ್ದರು. ರೈಲಿನ ಕಿಟಕಿಯಲ್ಲಿ ತಲೆ ಹಾಕಿದವರ ಕಣ್ಣಿಗೆ ಕಿಡಿ ಬೀಳುವುದು, ಅಮ್ಮಂದಿರು ಸೆರಗಿನ ತುದಿ ಬಾಯಲ್ಲಿ ಒದ್ದೆ ಮಾಡಿ ಅದನ್ನು ತೆಗೆಯುವುದು, ಇವೆಲ್ಲ ಪ್ರಯಾಣದ ಟಿಕೆಟ್ಟಿನ ಜೊತೆಗೇ ಬರುತ್ತಿದ್ದವು. ನಿಲ್ಲದೆ ಹೋಗುವ ಗಾಡಿಗೆ ಬೆತ್ತದ ದೊಡ್ಡ ಬಳೆಯಲ್ಲಿ ಟೋಕನ್ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದರು. ಇಂಜಿನ್ನಿನಿಂದ ಚಾಚಿದ ತೋಳು ಅದನ್ನು ಕಸಿದುಕೊಂಡು, ಇನ್ನೊಂದು ಬಳೆಯನ್ನು ಪ್ಲಾಟ್‌ಫಾರಂ ಮೇಲೆ ಉರುಳಿಸಿ ಹೋಗುತ್ತಿತ್ತು. ಆ ತೋಳು ಕೆಲವು ಸಲ ಅಪ್ಪನದು. ಆಗ ನಾನು ಜೊತೆಯ ಹುಡುಗರ ಕಡೆ ತಿರುಗಿ ನೋಡುತ್ತಿದ್ದೆ.

ರಾತ್ರಿ ಮನೆಯಲ್ಲಿದ್ದಾಗ ಅಪ್ಪ ಅಂಗಳದಲ್ಲಿ ಮಲಗಿಯೇ ಗಾಡಿಗಳ ಸದ್ದು ಓದುತ್ತಿದ್ದ. ಬಾಣಾವರದ ಕಡೆಯಿಂದ ಗೂಡ್ಸ್ ಬರುತ್ತಿದ್ದರೆ ಕಿವಿ ಆ ಕಡೆ ಕೊಟ್ಟು, “ಮೂರು ಸರಿಯಾಗಿದೆ, ನಾಲ್ಕನೇದು ಕುಂಟ್ತಿದೆ. ವಾಲ್ವು ನೋಡ್ಬೇಕು” ಅನ್ನುತ್ತಿದ್ದ. ನನಗೆ ಅದನ್ನು ವಿವರಿಸಿದ್ದೂ ಹಾಗೆ ಮಲಗಿದ್ದಾಗಲೇ. ಉಗಿ ಇಂಜಿನ್ನಿಗೆ ಎಡಕ್ಕೊಂದು ಬಲಕ್ಕೊಂದು ಸಿಲಿಂಡರು. ಒಂದೊಂದರಲ್ಲೂ ಪಿಸ್ಟನ್ನು ಹೋಗುವಾಗಲೂ ಹಬೆ ತಳ್ಳುತ್ತದೆ, ಬರುವಾಗಲೂ ತಳ್ಳುತ್ತದೆ. ಹಾಗಾಗಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಚಿಮಣಿಯಿಂದ ನಾಲ್ಕು ಉಸಿರು. ನಮ್ಮ ಮಕ್ಕಳು ಚುಕುಬುಕು ಅನ್ನುವುದು ಇದನ್ನೇ. ಎಣಿಸಿ ನೋಡಿ: ಚು-ಕು-ಬು-ಕು, ಸರಿಯಾಗಿ ನಾಲ್ಕು. ಈ ಪದ ಕಟ್ಟಿದ ಅನಾಮಿಕನಿಗೆ ಒಳ್ಳೆಯ ಕಿವಿ ಇತ್ತು.

ಇನ್ನೊಂದು ಸಂಗತಿಯನ್ನು ಅಪ್ಪ ಹೇಳಿದಾಗ ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಕೆಲಸ ಮುಗಿಸಿದ ಹಬೆಯನ್ನು ಇಂಜಿನ್ನು ಸುಮ್ಮನೆ ಹೊರಗೆ ಬಿಡುವುದಿಲ್ಲ. ಅದನ್ನು ಚಿಮಣಿಯ ಬುಡದಿಂದ ರಭಸವಾಗಿ ಮೇಲಕ್ಕೆ ಊದುತ್ತದೆ. ಆ ಊದುವಿಕೆ ತನ್ನ ಹಿಂದೆಯೇ ಬೆಂಕಿಯ ಬಿಸಿಗಾಳಿಯನ್ನು ಬಾಯ್ಲರಿನ ಕೊಳವೆಗಳೊಳಗೆ ಎಳೆದುಕೊಳ್ಳುತ್ತದೆ, ಬೆಂಕಿಗೆ ಹೊಸ ಗಾಳಿ ನುಗ್ಗುತ್ತದೆ. ಅಂದರೆ ಏರಿನಲ್ಲಿ ಗಾಡಿ ಎಷ್ಟು ಏದುಸಿರು ಬಿಡುತ್ತದೋ ಒಳಗಿನ ಬೆಂಕಿ ಅಷ್ಟು ಜೋರಾಗುತ್ತದೆ. ಕಷ್ಟ ಬಂದಾಗ ತಾನಾಗಿ ಕಸುವು ಹೆಚ್ಚಿಸಿಕೊಳ್ಳುವ ಯಂತ್ರ ಅದು. ಆದರೆ ಆ ಬೆಂಕಿ ತೆಳ್ಳಗೆ, ಹರಡಿಕೊಂಡು, ತೂತು ಬೀಳದ ಹಾಗೆ ಇರಬೇಕು. ಅದನ್ನು ನೋಡಿಕೊಳ್ಳುವವನು ಕುಲುಕುವ ಕಬ್ಬಿಣದ ನೆಲದ ಮೇಲೆ ನಿಂತು, ಕಣ್ಣು ಕುಕ್ಕುವ ಬೆಳಕಿನೊಳಗೆ ನೋಡಿ, ಯಾವ ಮೂಲೆ ತೆಳ್ಳಗಾಯಿತೆಂದು ಅರೆಕ್ಷಣದಲ್ಲಿ ತಿಳಿದು ಸಲಿಕೆಯ ತುದಿ ತಿರುಗಿಸಬೇಕು. ಅದರ ಜೊತೆಗೇ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟದ ಮೇಲೊಂದು ಕಣ್ಣು. ನೀರು ಕೆಳಗಿಳಿದು ಬೆಂಕಿಗೂಡಿನ ನೆತ್ತಿ ಬರಿದಾದರೆ ಅಲ್ಲಿರುವ ಸೀಸದ ಬಿರಡೆ ಕರಗಿ ಹಬೆ ಬೆಂಕಿಯ ಮೇಲೆ ಸುರಿಯುತ್ತದೆ. ಅದು ದೊಡ್ಡ ಅನಾಹುತ ತಪ್ಪಿಸುವ ಉಪಾಯ. ಆದರೆ ಶೆಡ್ಡಿನಲ್ಲಿ ‘ಪ್ಲಗ್ ಕರಗಿಸಿದವನು’ ಅಂದರೆ ಮೈಲಿಗೆಯಾದವನ ಹಾಗೆ. ಅಪ್ಪ ಒಮ್ಮೆಯೂ ಕರಗಿಸಲಿಲ್ಲ. ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದು ಇದೊಂದನ್ನೇ.

ಕಲ್ಲಿದ್ದಲೂ ದಿನಕ್ಕೊಂದು ಥರ. ಸಿಂಗರೇಣಿಯದು ಬಂದರೆ ಒಂದು ಲೆಕ್ಕ, ಬಂಗಾಳದ್ದು ಬಂದರೆ ಇನ್ನೊಂದು. ಕಲ್ಲೇ ಹೆಚ್ಚಿದ್ದ ದಿನ ಅದು ಕರಗಿ ಜಾಲರಿಗೆ ಅಂಟಿಕೊಂಡು ಗಾಳಿಗೆ ಅಡ್ಡವಾಗುತ್ತಿತ್ತು. ಉದ್ದ ಕೋಲಿನಿಂದ ಅದನ್ನು ಕೀಳುವಾಗ ಮುಖದ ಚರ್ಮ ಚುರುಗುಟ್ಟುತ್ತಿತ್ತು. ನಮ್ಮ ದೇಶದ ಬೂದಿ ಹೆಚ್ಚಿನ ಕಲ್ಲಿದ್ದಲಿಗೆ ಒಗ್ಗಲೆಂದೇ ವೈಪಿಗಳಿಗೆ ಅಗಲವಾದ ಬೆಂಕಿಗೂಡು ಕೊಟ್ಟಿದ್ದರು. ಅಗಲವಾದಷ್ಟೂ ಉಣ್ಣಿಸುವವನ ಬೆನ್ನಿಗೆ ಬಿತ್ತು.

ಇಷ್ಟೆಲ್ಲ ಹೇಳುತ್ತಿದ್ದ ಅಪ್ಪ ನನ್ನ ಕೈಗೆ ಸಲಿಕೆಯನ್ನು ಮಾತ್ರ ಒಮ್ಮೆಯೂ ಕೊಡಲಿಲ್ಲ. ಶೆಡ್ಡಿನ ಬೇರೆ ಮಕ್ಕಳು ಶಂಟಿಂಗ್ ಇಂಜಿನ್ನು ಹತ್ತಿ ಒಂದೆರಡು ಸಲಿಕೆ ಎಸೆದು ಬಂದು ಜಂಬ ಕೊಚ್ಚುತ್ತಿದ್ದರು. ನಾನು ಹತ್ತಲು ಹೋದರೆ ಅಪ್ಪನ ಕಣ್ಣು ಕೆಂಪಗಾಗುತ್ತಿತ್ತು. “ಒಂದ್ ಸಲ ಹಿಡಿದ್ರೆ ಕೈಗೆ ಅಂಟ್ಕೊಳ್ತದೆ. ಪುಸ್ತಕ ಹಿಡಿ, ಹೋಗು.”

ಎಂಬತ್ತರ ದಶಕದಲ್ಲಿ ಡೀಸೆಲ್ ಇಂಜಿನ್ನುಗಳು ಒಂದೊಂದಾಗಿ ಬಂದವು. ಆ ಹೊತ್ತಿಗೆ ಡ್ರೈವರ್ ಆಗಿದ್ದ ಅಪ್ಪನಿಗೂ ತರಬೇತಿ ಕೊಟ್ಟರು. ಉಗಿ ಹೋಯಿತೆಂದು ಅವನು ಕಣ್ಣೀರು ಹಾಕಿದ ಅಂತ ಬರೆದರೆ ಲೇಖನಕ್ಕೆ ಚೆನ್ನಾಗಿರುತ್ತಿತ್ತು. ಅವನು ಖುಷಿಪಟ್ಟ. ಕುಳಿತು ಓಡಿಸುವ ಸೀಟು, ಮಳೆಗೆ ನೆನೆಯದ ಮೈ, ಡ್ಯೂಟಿ ಮುಗಿದ ಮೇಲೂ ಬಿಳಿಯಾಗಿರುವ ಅಂಗಿ. ಅಮ್ಮ ಸೋಡಾಪುಡಿಯಲ್ಲಿ ಕುದಿಸಿ ಒಗೆಯುತ್ತಿದ್ದ ಕರಿಬಟ್ಟೆಯ ಗಂಟು ಮನೆಯಿಂದ ಹೋಯಿತು. ಅಪ್ಪನ ಕೆಮ್ಮು ಮಾತ್ರ ಹೋಗಲಿಲ್ಲ. ಉಗಿಬಂಡಿಯ ಹಂಬಲವೆಲ್ಲ ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ನೋಡಿದ ನಮ್ಮಂಥವರದು. ಹೊಗೆ ತಿಂದವರು ಅದನ್ನು ಅಷ್ಟು ಸುಲಭವಾಗಿ ಹಾಡುವುದಿಲ್ಲ.

ಇಡೀ ದೇಶದ ಲೆಕ್ಕದಲ್ಲಿ ಉಗಿಯ ವಿದಾಯ ಇನ್ನೂ ಮೊದಲೇ ಶುರುವಾಗಿತ್ತು. ಚಿತ್ತರಂಜನ್ ಕಾರ್ಖಾನೆ 1950ರಿಂದ 2351 ಉಗಿ ಇಂಜಿನ್ನುಗಳನ್ನು ಕಟ್ಟಿತು. ಅದರ ಕೊನೆಯ ಬ್ರಾಡ್ ಗೇಜ್ ಇಂಜಿನ್ನು 1970ರಲ್ಲಿ ಹೊರಬಂದಾಗ ಇಟ್ಟ ಹೆಸರು ‘ಅಂತಿಮ್ ಸಿತಾರಾ’, ಕೊನೆಯ ನಕ್ಷತ್ರ. ಎರಡು ವರ್ಷದ ನಂತರ ಕೊನೆಯ ಮೀಟರ್ ಗೇಜ್ ಇಂಜಿನ್ನು, ಒಂದು ವೈಜಿ, ಹೊರಬಂತು. ಬ್ರಾಡ್ ಗೇಜಿನಲ್ಲಿ ದಿನನಿತ್ಯದ ಉಗಿಗಾಡಿ ಕಡೆಯ ಬಾರಿ ಓಡಿದ್ದು 1995ರ ಡಿಸೆಂಬರ್ 6ರಂದು, ಪಂಜಾಬಿನ ಫಿರೋಜ್‌ಪುರ–ಜಲಂಧರ್ ನಡುವೆ. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಮೀಟರ್ ಗೇಜೇ ಹೋಯಿತು. ಧಾತು-ಈಶ್ವರ ಬರದಲ್ಲಿ ಹಸಿದವರಿಗೆ ಕೂಲಿ ಸಿಗಲೆಂದು ಶುರು ಮಾಡಿ 1882ರಲ್ಲಿ ಮುಗಿಸಿದ ಬೆಂಗಳೂರು–ಮೈಸೂರು ಹಳಿಯೂ ಅಗಲವಾಯಿತು. ಶಿವಮೊಗ್ಗ–ತಾಳಗುಪ್ಪ ಸಾಲಿನಲ್ಲಂತೂ ಬಹಳ ವರ್ಷ ಒಂದು ರೈಲ್‌ಬಸ್ಸು ಜನರನ್ನು ಹೊತ್ತು ತಿರುಗಿತು.

ಅಪ್ಪ ಓಡಿಸಿದ ಇಂಜಿನ್ನುಗಳು ಎಲ್ಲಿ ಹೋದವೆಂದು ಕೇಳಿದರೆ ಉತ್ತರ ಒಂದೇ, ಗುಜರಿಗೆ. ಉಳಿದ ಕೆಲವನ್ನು ಅಲ್ಲಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ್ದಾರೆ. ಅಂಥದೊಂದನ್ನು ನಾನು ಒಂದು ಕಚೇರಿಯ ಮುಂದೆ ಕಂಡೆ. ಊರ ಹೆಸರು ಬೇಡ. ಕರಿ ಬಣ್ಣ ಮಿರಮಿರ ಮಿಂಚುತ್ತಿತ್ತು, ಗಾಲಿಗಳಿಗೆ ಬಿಳಿ ಅಂಚು, ಮುಂದೆ ದಾಸವಾಳದ ಗಿಡಗಳು. ಹತ್ತಿ ಬೆಂಕಿಗೂಡಿನ ಬಾಗಿಲು ತೆರೆದೆ. ಒಳಗೆ ಎರಡು ಚಿಪ್ಸ್ ಪೊಟ್ಟಣ, ಒಂದು ನೀರಿನ ಬಾಟಲಿ, ಒಂದು ಹಕ್ಕಿಗೂಡು. ನೀರಿನ ಮಟ್ಟ ತೋರಿಸುವ ಗಾಜಿನ ಜಾಗದಲ್ಲಿ ತೂತು. ಒತ್ತಡದ ಗಡಿಯಾರದ ಮುಳ್ಳನ್ನು ಯಾರೋ ಬಾಗಿಸಿದ್ದರು. ಮೇಲಿನ ಬಣ್ಣ ಮಾತ್ರ ಹೋದ ವಾರ ಬಳಿದ ಹಾಗಿತ್ತು.

ಎಲ್ಲ ಕಡೆಯೂ ಹೀಗಿಲ್ಲ. ಮೈಸೂರು ನಿಲ್ದಾಣದ ಪಕ್ಕದ ರೈಲು ವಸ್ತುಸಂಗ್ರಹಾಲಯಕ್ಕೆ ಎಷ್ಟು ಸಲ ಹೋದರೂ ನನಗೆ ಬೇಸರವಿಲ್ಲ. 1979ರಲ್ಲಿ ಶುರುವಾದದ್ದು, ದೆಹಲಿಯ ನಂತರ ದೇಶದಲ್ಲಿ ಎರಡನೆಯದು. ಬ್ಯಾಗ್ನಾಲ್ ಕಂಪನಿಯ ಇಎಸ್ 506 ಅಲ್ಲಿದೆ. 1899ರ ಮಹಾರಾಣಿ ಸಲೂನ್ ಇದೆ. ರಸ್ತೆಯ ಆಸ್ಟಿನ್ ಕಾರಿಗೆ ರೈಲಿನ ಗಾಲಿ ಹಾಕಿ ಹಳಿಯ ಮೇಲೆ ಓಡಿಸಿದ ತಮಾಷೆಯ ವಾಹನವೂ ಇದೆ. ಮರದ ನೆರಳು, ಮಕ್ಕಳ ಪುಟಾಣಿ ರೈಲು. ಆದರೆ ಆ ದೊಡ್ಡ ಇಂಜಿನ್ನುಗಳ ಪಕ್ಕ ನಿಂತಾಗಲೆಲ್ಲ ನನ್ನ ಕೈ ತಾನಾಗಿ ಬಾಯ್ಲರ್ ಮುಟ್ಟುತ್ತದೆ. ತಣ್ಣಗಿರುತ್ತದೆ. ಅರಮನೆಯ ಗೋಡೆಗೆ ಹಾಕಿದ ಹುಲಿಯ ತಲೆಯನ್ನು ಯಾರಾದರೂ ಸವರಿದ್ದರೆ ಈ ಕಸಿವಿಸಿ ಗೊತ್ತಿರುತ್ತದೆ.

ನಮ್ಮ ಊರುಗಳಲ್ಲಿ ತೇರನ್ನು ವರ್ಷಕ್ಕೊಮ್ಮೆ ಎಳೆಯುತ್ತೇವೆ. ಎಳೆಯದೆ ಬಿಟ್ಟ ತೇರು ಗೆದ್ದಲು ಹಿಡಿದ ಮರದ ರಾಶಿ. ಮರ ಹೋದರೆ ಆಚಾರಿ ಹೊಸದು ಹಾಕುತ್ತಾನೆ, ಅದು ದೊಡ್ಡ ನಷ್ಟವಲ್ಲ. ಹೊರಳುವ ಗಾಲಿಗೆ ದಿಮ್ಮಿ ಕೊಟ್ಟು ಅಷ್ಟು ದೊಡ್ಡ ಭಾರವನ್ನು ರಥಬೀದಿಯ ಮೂಲೆಯಲ್ಲಿ ತಿರುಗಿಸುವ ನಾಲ್ಕು ಜನರ ಕೈಚಳಕ ಇದೆಯಲ್ಲ, ಅದು ಹತ್ತು ವರ್ಷ ತೇರು ನಿಂತರೆ ಊರಿನಿಂದಲೇ ಹೋಗುತ್ತದೆ. ಉಗಿಬಂಡಿಯದೂ ಅದೇ ಕತೆ. ಕಬ್ಬಿಣ ಬಹುಕಾಲ ಉಳಿಯುತ್ತದೆ. ಸಲಿಕೆಯ ತುದಿ ಯಾವಾಗ ತಿರುಗಿಸಬೇಕೆಂದು ಬಲ್ಲ ಮಣಿಕಟ್ಟು, ನಾಲ್ಕನೆಯ ಉಸಿರು ಕುಂಟುವುದನ್ನು ಹಿಡಿಯುವ ಕಿವಿ, ಇವನ್ನು ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಡಲಾಗದು.

ಆ ಕಿವಿಯನ್ನು ನಾನು ಕೊನೆಯ ಬಾರಿ ಕೆಲಸದಲ್ಲಿ ಕಂಡದ್ದು ಹತ್ತು-ಹನ್ನೆರಡು ವರ್ಷದ ಹಿಂದೆ, ನೀಲಗಿರಿಯಲ್ಲಿ. ಅಪ್ಪನಿಗೆ ಆಗ ಎಪ್ಪತ್ತೈದು ದಾಟಿತ್ತು. ಊಟಿ ರೈಲಿಗೆ ಕರೆದುಕೊಂಡು ಹೋಗುತ್ತೇನೆಂದರೆ, “ಜೀವಮಾನವೆಲ್ಲ ಬಿಟ್ಟಿಯಾಗಿ ಹತ್ತಿದ್ದಕ್ಕೆ ಈಗ ದುಡ್ ಕೊಟ್ಟು ಹತ್ಬೇಕಾ?” ಎಂದ. ಬಂದ. ಮೆಟ್ಟುಪಾಳ್ಯಂನಲ್ಲಿ ಇಂಜಿನ್ನಿನ ಹತ್ತಿರ ಹೋಗಿ ಬಗ್ಗಿ ನೋಡಿದವನ ಮುಖ ಸಿಂಡರಿಸಿತು. ಅದು ಎಣ್ಣೆಯಲ್ಲಿ ಉರಿಯುವ ಇಂಜಿನ್ನು. “ಇದೇನ್ ರೈಲೋ, ಸೀಮೆಎಣ್ಣೆ ಸ್ಟೌವೋ?”

ಅಲ್ಲಿ ಇಂಜಿನ್ನು ಹಿಂದಿನಿಂದ ತಳ್ಳುತ್ತದೆ. ನಾವು ಬೇಕೆಂದೇ ಕೊನೆಯ ಡಬ್ಬಿಯಲ್ಲಿ, ಅದಕ್ಕೆ ತಾಗಿದ ಹಾಗೆ ಕುಳಿತಿದ್ದೆವು. ಕಲ್ಲಾರಿನವರೆಗೆ ಸಮನೆಲ. ಅಪ್ಪ ಕಣ್ಣುಮುಚ್ಚಿ ತೊಡೆಯ ಮೇಲೆ ಬೆರಳಲ್ಲಿ ನಾಲ್ಕು ನಾಲ್ಕು ಎಣಿಸುತ್ತಿದ್ದ. ಕಲ್ಲಾರು ದಾಟಿ ಹಲ್ಲುಹಳಿ ಶುರುವಾಗುತ್ತಲೇ ಸದ್ದು ಬದಲಾಯಿತು. ಬೆರಳು ತಡವರಿಸಿ ನಿಂತಿತು. ಕಣ್ಣು ಬಿಟ್ಟ. ಮತ್ತೆ ಮುಚ್ಚಿದ. ಸುತ್ತಲಿನವರೆಲ್ಲ ಕಣಿವೆ ನೋಡಿ ಕೂಗುತ್ತಿದ್ದರು, ಸುರಂಗ ಬಂದಾಗ ಕಿರುಚುತ್ತಿದ್ದರು. ಇವನು ಮಾತ್ರ ಮರೆತ ಹೆಸರನ್ನು ಹುಡುಕುವವನ ಹಾಗೆ ಹಣೆ ಗಂಟಿಕ್ಕಿ ಕುಳಿತಿದ್ದ. ಹಿಲ್‌ಗ್ರೋವ್‌ನಲ್ಲಿ ಗಾಡಿ ನೀರು ಕುಡಿಯಲು ನಿಂತಾಗ ಇಳಿದು ಹೋಗಿ ಇಂಜಿನ್ನಿನ ಪಕ್ಕೆಯನ್ನು ತಲೆ ವಾಲಿಸಿ ನೋಡಿದ. ಮೇಲೊಂದು ಕೆಳಗೊಂದು ಸಿಲಿಂಡರು. ಏರಿನಲ್ಲಿ ಮೊದಲ ಜೋಡಿಯಲ್ಲಿ ದುಡಿದ ಹಬೆಯೇ ಎರಡನೆಯ ಜೋಡಿಗೆ ಹೋಗಿ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ, ಆಮೇಲೆ ಚಿಮಣಿಗೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥರ್‌ನ ಕಾರ್ಖಾನೆಯವರ ಲೆಕ್ಕಾಚಾರ ಅದು. ಆಮೇಲೆ ನಮ್ಮ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯೂ ಅದೇ ಮಾದರಿಯ ಹೊಸ ಇಂಜಿನ್ನುಗಳನ್ನು ಕಟ್ಟಿತು. ಯಾರೂ ಹೇಳಿಕೊಡದೆ ಅಪ್ಪನಿಗೆ ಅದು ಹೊಳೆಯಿತು. “ಕಳ್ಳನನ್ಮಗಂದು, ಎರಡು ಸಲ ದುಡಿಸ್ಕೊಳ್ತದೆ” ಎಂದು ಇಂಜಿನ್ನಿನ ಮೈ ತಟ್ಟಿ ನಕ್ಕ. ಕೂನೂರಿನಲ್ಲಿ ಇಳಿಯುವಾಗ ಸ್ಟೌವಿನ ಮಾತು ಬರಲಿಲ್ಲ. ಡ್ರೈವರ್ ಹುಡುಗನ ಹತ್ತಿರ ಅರ್ಧ ಗಂಟೆ ನಿಂತು, ಅರೆ ತಮಿಳು ಅರೆ ಕನ್ನಡದಲ್ಲಿ, ವಾಲ್ವಿನ ಬಗ್ಗೆ ಏನೋ ಹೇಳಿಕೊಟ್ಟು ಬಂದ. ಅದಾದ ಎರಡು ವರ್ಷಕ್ಕೆ ತೀರಿಕೊಂಡ.

ಈಚಿನ ವರ್ಷಗಳಲ್ಲಿ ಮಗಳು, ಅಳಿಯ ಬರ್ಮಿಂಗ್‌ಹ್ಯಾಂನಲ್ಲಿ ಮನೆ ಮಾಡಿದರು. 2024ರ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆ. ಮೂರು ವಾರ ಮನೆ, ಪಾರ್ಕು, ದೇವಸ್ಥಾನ ಸುತ್ತಿ ಸಾಕಾಗಿತ್ತು. ಒಂದು ದಿನ ಮಗಳು, “ಅಪ್ಪಾ, ತಾತನ ಥರದವರು ಇರೋ ಒಂದು ಜಾಗ ಇದೆ, ಹೋಗೋಣ್ವಾ?” ಎಂದಳು. ಬರ್ಮಿಂಗ್‌ಹ್ಯಾಂನಿಂದ ರೈಲಿನಲ್ಲೇ ಪಶ್ಚಿಮಕ್ಕೆ, ವೇಲ್ಸಿನ ಗುಡ್ಡಗಳನ್ನು ದಾಟಿ, ಸಮುದ್ರದ ಅಂಚಿಗೆ. ಟವಿನ್ ಎಂಬ ಪುಟ್ಟ ಊರು. ಅಲ್ಲಿಂದ ಕಣಿವೆಯೊಳಕ್ಕೆ ಏಳೂಕಾಲು ಮೈಲಿ ಹೋಗುವ, ಎರಡಡಿ ಮೂರಂಗುಲ ಅಗಲದ ಹಳಿ. ಹೆಸರು ಟಾಲಿಲಿನ್ ರೈಲ್ವೆ. (ಸರಿಯಾದ ವೇಲ್ಸ್ ಉಚ್ಚಾರಕ್ಕೆ ನಾಲಿಗೆಯ ಪಕ್ಕದಿಂದ ಗಾಳಿ ಬಿಡಬೇಕಂತೆ. ಅಲ್ಲಿಯವರು ಕಲಿಸಲು ನೋಡಿ ಸೋತರು.)

ಅದರ ಕತೆ ಹೀಗೆ. ಬ್ರಿನ್ ಎಗ್ಲ್ವಿಸ್ ಎಂಬ ಗಣಿಯಿಂದ ಛಾವಣಿಯ ಸ್ಲೇಟು ಕಲ್ಲು ಸಾಗಿಸಲು 1865ರಲ್ಲಿ ಹಾಕಿದ ದಾರಿ. ಕಟ್ಟಿದ ಮೇಲೆ ತಪಾಸಣೆಗೆ ಬಂದವರು ಸೇತುವೆಗಳ ಕೆಳಗೆ ಜಾಗ ಸಾಲದೆಂದರು. ಸೇತುವೆ ಒಡೆಯುವ ಬದಲು ಹಳಿಯನ್ನು ಒಂದು ಪಕ್ಕಕ್ಕೆ ಸರಿಸಿ, ಡಬ್ಬಿಗಳ ಒಂದು ಬದಿಯ ಬಾಗಿಲುಗಳನ್ನೇ ಮುಚ್ಚಿಬಿಟ್ಟರು. ಇವತ್ತಿಗೂ ಒಂದೇ ಕಡೆಯಿಂದ ಹತ್ತಬೇಕು. ನಮ್ಮವರೇ ಮಾಡಿದ ಉಪಾಯ ಅನ್ನಿಸಿತು. 1946ರ ಕೊನೆಯಲ್ಲಿ ಗಣಿ ಕುಸಿದು ಮುಚ್ಚಿತು. ಸಾಗಿಸಲು ಕಲ್ಲಿಲ್ಲ. ಆದರೂ ಮಾಲೀಕ ಹೆನ್ರಿ ಹೇಡನ್ ಜೋನ್ಸ್, ತಾನಿರುವವರೆಗೆ ರೈಲು ಓಡುತ್ತದೆಂದು ಹಟ ಹಿಡಿದು ನಷ್ಟದಲ್ಲೇ ಓಡಿಸಿದ. 1950ರ ಜುಲೈಯಲ್ಲಿ ಅವನು ಸತ್ತ. ಎಲ್ಲ ಕಡೆಯಂತೆ ಇಲ್ಲಿಯೂ ಗುಜರಿಯವರು ಬರಬೇಕಾಗಿತ್ತು.

ಬಂದವರು ಬೇರೆ. ಕಾಲುವೆ ದೋಣಿಗಳ ಬಗ್ಗೆ ಪುಸ್ತಕ ಬರೆದಿದ್ದ ಟಾಮ್ ರೋಲ್ಟ್ ಎಂಬ ಲೇಖಕ, ಗೆಳೆಯರ ಜೊತೆ ಸೇರಿ ಆ ವರ್ಷದ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಂನ ಒಂದು ಹೋಟೆಲಿನಲ್ಲಿ ಸಭೆ ಕರೆದ. ಮಗಳ ಮನೆಯಿಂದ ಬಸ್ಸಿನಲ್ಲಿ ಹೋಗಬಹುದಾದ ದೂರ ಅದು. ಲಾಭದ ಆಸೆಯಿಲ್ಲದೆ, ಸಂಬಳವಿಲ್ಲದೆ, ನಾವೇ ಓಡಿಸೋಣ ಎಂದು ಅಲ್ಲಿ ತೀರ್ಮಾನವಾಯಿತು. ಜಗತ್ತಿನಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. 1951ರ ಮೇ 14ರಂದು ಅವರ ಮೊದಲ ರೈಲು ಹೊರಟಿತು. ಓಡುವ ಸ್ಥಿತಿಯಲ್ಲಿದ್ದದ್ದು ಒಂದೇ ಇಂಜಿನ್ನು, 1866ರ ‘ಡಾಲ್ಗಾಕ್’. ಮರದ ಸ್ಲೀಪರುಗಳು ಕೊಳೆತು, ಹಳಿಗಳನ್ನು ಹುಲ್ಲೇ ಹಿಡಿದುಕೊಂಡಿತ್ತಂತೆ. ಪಕ್ಕದ ಕೋರಿಸ್ ರೈಲ್ವೆ ಮುಚ್ಚಿತ್ತು. ಅಪರೂಪಕ್ಕೆ ಅದರದೂ ಇದೇ ಅಗಲ. ಅಲ್ಲಿನ ಎರಡು ಇಂಜಿನ್ನುಗಳನ್ನು ತಲಾ 25 ಪೌಂಡಿಗೆ ಕೊಂಡರು. ಒಂದಕ್ಕೆ ಸತ್ತ ಮಾಲೀಕನ ಹೆಸರು, ಇನ್ನೊಂದಕ್ಕೆ ಹಳೆಯ ಮ್ಯಾನೇಜರ್ ಎಡ್ವರ್ಡ್ ಥಾಮಸ್‌ನ ಹೆಸರು ಇಟ್ಟರು. ಆಮೇಲೆ ಅಲ್ಲಿಗೆ ದುಡಿಯಲು ಬಂದವರಲ್ಲಿ ಆಡ್ರಿ ಎಂಬ ಪಾದ್ರಿಯೂ ಒಬ್ಬ. ನಮ್ಮ ಮೊಮ್ಮಕ್ಕಳು ನೋಡುವ, ಮುಖವಿರುವ ನೀಲಿ ಇಂಜಿನ್ನು ಥಾಮಸ್‌ನ ಕತೆ ಬರೆದವನು ಅವನೇ.

ಈ ರೈಲು ಉಳಿದ ಕತೆಯಲ್ಲಿ ನನಗೆ ಹೊಟ್ಟೆಕಿಚ್ಚು ತಂದದ್ದು ಹಣವಲ್ಲ, ವೇಳೆ. ಬೆಂಕಿ ಇನ್ನೂ ಆರಿರಲಿಲ್ಲ, ಅಷ್ಟರಲ್ಲೇ ಅವರು ಬಂದರು. ಹಳೆಯ ಡ್ರೈವರುಗಳು ಅಲ್ಲೇ ಇದ್ದರು. ಬ್ಯಾಂಕಿನ ಗುಮಾಸ್ತರು, ಮೇಷ್ಟರುಗಳು ರಜೆಯಲ್ಲಿ ಬಂದು ಅವರ ಪಕ್ಕ ನಿಂತು ಕೈಯಿಂದ ಕೈಗೆ ಕಲಿತರು. ನಾವು ಬೆಂಕಿ ಆರಿ, ಕಲಿಸುವವರು ಪಿಂಚಣಿಗೆ ಹೋಗಿ, ಸ್ಮಶಾನಕ್ಕೂ ಹೋದ ಮೇಲೆ ಬಣ್ಣದ ಡಬ್ಬ ತಂದೆವು. ಇಲ್ಲಿ ಪೂರ್ತಿ ಏನೂ ಆಗಲಿಲ್ಲವೆಂದಲ್ಲ. 1855ರ ‘ಫೇರಿ ಕ್ವೀನ್’ ಮತ್ತೆ ಓಡಿತು, ಹರಿಯಾಣದ ರೇವಾಡಿಯ ಹಳೆಯ ಶೆಡ್ಡಿನಲ್ಲಿ ಈಗಲೂ ಆಗಾಗ ಬೆಂಕಿ ಹೊತ್ತುತ್ತದೆ. ಡಾರ್ಜಿಲಿಂಗ್ ಇದೆ, ನೀಲಗಿರಿ ಇದೆ. ನಮ್ಮ ಬಯಲುಸೀಮೆಯ ಮೀಟರ್ ಗೇಜಿಗೆ ಮಾತ್ರ ಯಾರೂ ಸಭೆ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಆ ವರ್ಷಗಳಲ್ಲಿ ನಾನು ಪುಸ್ತಕ ಹಿಡಿದಿದ್ದೆ.

ಟವಿನ್ ನಿಲ್ದಾಣದಲ್ಲಿ ಟಿಕೆಟ್ ಕೊಟ್ಟವರಿಗೆ ಎಂಬತ್ತರ ಹತ್ತಿರ. ಗಾರ್ಡ್ ಹಸಿರು ಬಾವುಟ ಬೀಸುವಾಗ ಕೈ ನಡುಗುತ್ತಿತ್ತು. ಹೆಚ್ಚಿನವರು ನನ್ನ ವಯಸ್ಸಿನವರು ಅಥವಾ ನನಗಿಂತ ಹಿರಿಯರು. ಹುಡುಗರು ಬರುವುದು ಕಡಿಮೆಯಾಗಿದೆ ಎಂದು ಅವರಲ್ಲೊಬ್ಬರು ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿದರು. ಕಲ್ಲಿದ್ದಲಿನ ರಾಶಿಯ ಮುಂದೆ ನಿಂತು ಅಪ್ಪನ ಅಭ್ಯಾಸದಂತೆ ಒಂದು ಉಂಡೆ ಎತ್ತಿ ತಿರುಗಿಸಿ ನೋಡಿದೆ. ಇದು ವೇಲ್ಸಿನದೇ ಎಂದು ಕೇಳಿದ್ದಕ್ಕೆ ಅವರು ಅಲ್ಲವೆಂದು ತಲೆಯಾಡಿಸಿದರು. ಹೊಗೆಯಿಲ್ಲದೆ ಉರಿಯುವ ವೇಲ್ಸಿನ ಕಲ್ಲಿದ್ದಲು ಒಂದು ಕಾಲಕ್ಕೆ ಕಾರ್ಡಿಫ್ ಬಂದರಿನಿಂದ ಜಗತ್ತಿನ ಹಡಗುಗಳಿಗೆಲ್ಲ ಹೋಗುತ್ತಿತ್ತು. ಇಂಥ ರೈಲುಗಳಿಗೆ ಕಲ್ಲಿದ್ದಲು ಒದಗಿಸುತ್ತಿದ್ದ ಮರ್ಥರ್ ಟಿಡ್ವಿಲ್‌ನ ಫೊಸ್-ಇ-ಫ್ರಾನ್ ಗಣಿ 2023ರ ನವೆಂಬರಿನಲ್ಲಿ ಕೆಲಸ ನಿಲ್ಲಿಸಿತು. ಈಗ ಬ್ರಿಟನ್ನಿನ ಉಗಿರೈಲುಗಳು ಹೊರದೇಶದ ಕಲ್ಲಿದ್ದಲನ್ನೂ, ಪುಡಿಯನ್ನು ಒತ್ತಿ ಮಾಡಿದ ಉಂಡೆಗಳನ್ನೂ ಪರೀಕ್ಷೆ ಮಾಡಿಕೊಂಡು ದಿನ ದೂಡುತ್ತಿವೆ. ಭೂಮಿ ಬಿಸಿಯಾಗುತ್ತಿರುವಾಗ ಗಣಿ ತೆರೆದಿಡಿ ಎಂದು ಕೇಳುವ ಮುಖ ನನಗಿಲ್ಲ, ಅವರಿಗೂ ಇರಲಿಲ್ಲ.

ರೈಲು ಹೊರಟಿತು. ನಮಗೆ ಸಿಕ್ಕಿದ್ದು ಕೋರಿಸ್‌ನಿಂದ ಬಂದ ‘ಎಡ್ವರ್ಡ್ ಥಾಮಸ್’, 1921ರಲ್ಲಿ ಕಟ್ಟಿದ್ದು, ನಮ್ಮ ವೈಪಿಯ ಮುಂದೆ ಕರುವಿನಂಥದು. ಕುರಿ ಮೇಯುವ ಹಸಿರು, ಕಲ್ಲಿನ ಬೇಲಿ, ಡಾಲ್ಗಾಕ್‌ನ ಕಮಾನು ಸೇತುವೆಯ ಕೆಳಗೆ ಆಳವಾದ ಕೊರಕಲು. ನಾನು ಹೆಚ್ಚು ನೋಡಲಿಲ್ಲ. ಏರಿನಲ್ಲಿ ಚಿಮಣಿ ಮಾತಾಡಲು ಶುರುಮಾಡಿತ್ತು. ಬೆರಳು ತೊಡೆಯ ಮೇಲೆ ತಾನಾಗಿ ಆಡಿತು. ನಾಲ್ಕೂ ಸರಿಯಾಗಿದ್ದವು. ಮಗಳು ಕಿಟಕಿಯಿಂದ ಹೊರಗೆ ತಲೆ ಹಾಕಿ ಕಣ್ಣುಜ್ಜಿಕೊಂಡಳು. ಕಿಡಿ. ನನ್ನ ಹತ್ತಿರ ಸೆರಗಿರಲಿಲ್ಲ, ಕರವಸ್ತ್ರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ತೆಗೆದೆ. “ಏನಪ್ಪಾ ಇದು, ಹೈಜೀನ್!” ಎಂದಳು.

ಒಂದು ಮಾತು ಮುಚ್ಚಿಡಬಾರದು. ಆ ರೈಲು ಯಾರನ್ನೂ ಎಲ್ಲಿಗೂ ತಲುಪಿಸುವುದಿಲ್ಲ. ಸ್ಲೇಟಿಲ್ಲ, ಸಂತೆಗೆ ಹೋಗುವ ರೈತನಿಲ್ಲ, ಬಸುರಿಗೆ ತವರಿಗೆ ಹೋಗುವ ಅವಸರವಿಲ್ಲ. ಹೋಗಿ ಚಹಾ ಕುಡಿದು ಬರುವವರಷ್ಟೇ. ಇಂಥ ಕೆಲವು ರೈಲುಗಳಲ್ಲಿ ದುಡ್ಡು ಕೊಟ್ಟು ಒಂದು ದಿನ ಫೈರ್‌ಮನ್ ಆಗಬಹುದಂತೆ. ಅಪ್ಪನಿಗೆ ಇದನ್ನು ಹೇಳಿದ್ದರೆ ಮೂರು ದಿನ ನಗುತ್ತಿದ್ದ.

ನಾಂಟ್ ಗ್ವೆರ್ನಾಲ್‌ನಲ್ಲಿ ದಾರಿ ಮುಗಿಯುತ್ತದೆ. ಕಾಡಿನ ಇಳಿಜಾರಿನಲ್ಲಿ ಒಂದು ಪ್ಲಾಟ್‌ಫಾರಂ, ಅಷ್ಟೇ. ಇಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ತಂದು ಜೋಡಿಸುವುದನ್ನು ನೋಡುತ್ತ ನಿಂತೆ. ಫೈರ್‌ಮನ್ ಒಬ್ಬಳು ಹುಡುಗಿ. ಹದಿನೆಂಟು ಹತ್ತೊಂಬತ್ತಿರಬಹುದು, ಮುಖದ ತುಂಬ ಮಸಿ, ಹಲ್ಲು ಕಣ್ಣು ಮಾತ್ರ ಬಿಳಿ. ಆ ಮುಖ ನನಗೆ ಗೊತ್ತಿತ್ತು. ನನ್ನ ಅಪ್ಪ ಇಂಡಿಯಾದಲ್ಲಿ ಇದೇ ಕೆಲಸ ಮಾಡುತ್ತಿದ್ದ ಎಂದು ಮಗಳು ಹೇಳಿಬಿಟ್ಟಳು. ಹುಡುಗಿ ಡ್ರೈವರನ ಮುಖ ನೋಡಿದಳು, ಅವರು ತಲೆಯಾಡಿಸಿದರು. ಬನ್ನಿ ಎಂದು ಕೈಚಾಚಿದಳು.

ಹತ್ತಿದೆ. ಬೆಚ್ಚನೆಯ ಎಣ್ಣೆಯ ವಾಸನೆ, ಒದ್ದೆ ಕಲ್ಲಿದ್ದಲಿನ ವಾಸನೆ, ಅಪ್ಪನ ತಗಡಿನ ಪೆಟ್ಟಿಗೆ ತೆರೆದ ಹಾಗೆ. ಹುಡುಗಿ ಸಲಿಕೆಯನ್ನು ನನ್ನ ಕೈಗೆ ಕೊಟ್ಟಳು. ಅರವತ್ತು ವರ್ಷ ದಾಟಿದ ಮೇಲೆ, ಫೈರ್‌ಮನ್ನಿನ ಮಗ, ಮೊದಲ ಸಲ ಹಿಡಿದೆ. ಹಿಡಿದದ್ದೇ ತಪ್ಪು. ಅವಳು ನನ್ನ ಎಡಗೈಯನ್ನು ಮೃದುವಾಗಿ ಕೆಳಕ್ಕೆ ಸರಿಸಿದಳು. ಹಿಡಿಕೆಯ ಮರ ಎಷ್ಟೋ ಕೈಗಳಿಂದ ನುಣುಪಾಗಿ, ಬೆರಳಿಗೆ ಜಾಗ ಮಾಡಿಕೊಟ್ಟಿತ್ತು. ತುಂಬ ತುಂಬಿಕೊಂಡೆ. ಬೇಡ ಎಂದಳು. ಸ್ವಲ್ಪ ಸ್ವಲ್ಪವೇ ಹಾಕಬೇಕು, ಆದರೆ ಆಗಾಗ ಹಾಕುತ್ತಿರಬೇಕು ಎಂದು ಅವಳ ಭಾಷೆಯಲ್ಲಿ ಹೇಳಿದಳು.

ಬಾಗಿಲು ತೆರೆದಳು. ಬಿಳಿಯ ಹತ್ತಿರದ ಹಳದಿ. ಕಣ್ಣು ಕಟ್ಟಿತು. ಯಾವ ಮೂಲೆ ತೆಳ್ಳಗಿದೆಯೋ ನನಗೇನು ಕಂಡೀತು. ಬೀಸಿದೆ. ಅರ್ಧ ಒಳಗೆ ಹೋಯಿತು, ಅರ್ಧ ಬಾಗಿಲ ಅಂಚಿಗೆ ಬಡಿದು ನನ್ನ ಬೂಟಿನ ಮೇಲೇ ಉರುಳಿತು. ಡ್ರೈವರ್ ಮುದುಕರು ಬೇರೆ ಕಡೆ ನೋಡಿದರು. ನಾನು ಇನ್ನೊಂದು ಸಲಿಕೆ ತುಂಬಲು ಬಗ್ಗಿದೆ.

ಹುಡುಗಿ ಬಾಗಿಲು ಮುಚ್ಚಿ, ನನ್ನ ಕೈಯಿಂದ ಸಲಿಕೆ ತೆಗೆದುಕೊಂಡಳು. ಇನ್ನು ಟವಿನ್‌ವರೆಗೆ ಇಳಿಜಾರೇ, ಇಷ್ಟು ಸಾಕು ಎಂದಳು.